ಬೀಗದಕೈ ಕೊಟ್ಟ ಯಜಮಾನರು

ಜಯನಗರ, ಬಸವನಗುಡಿಗಳಂತಹ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಅರ್ಧ ಸಾಲದಿಂದಲೂ ಅರ್ಧ ಉಪವಾಸದಿಂದಲೂ ಮನೆಯನ್ನು ಕಟ್ಟಿಸಿ, ಮಗನು ಕ್ಯಾಲಿಫೋರ್ನಿಯ ಸೇರಿದ ಮೇಲೆ ಮೊಮ್ಮಕ್ಕಳ ಲಾಲನೆಗಾಗಿ ತಾವೂ ಅಲ್ಲಿಗೆ ಹೊರಡಬೇಕಾಗಿ ಬಂದ ಹಿರಿಯರು ಬೀದಿಗೊಬ್ಬರಾದರೂ ಇದ್ದೇ ಇರುವರು. ನಿಜವಾದ ಹೆಸರು ಏನೇ ಇರಲಿ, ಬೀದಿಯವರಿಗೆ ಅವರು ರಾಯರು, ಬಾಡಿಗೆದಾರರಿಗೆ ಓನರು. ಬಾಡಿಗೆದಾರರನ್ನು ಹುಡುಕಿ, ಬಾಡಿಗೆಯನ್ನು ವಸೂಲು ಮಾಡಿ, ನಲ್ಲಿ ಸೋರಿದರೆ ಪ್ಲಂಬರನ್ನು ಕರೆಸಿ, ಇಷ್ಟಕ್ಕೆಲ್ಲ ಬಾಡಿಗೆಯಲ್ಲಿ ಒಂದು ಪಾಲನ್ನು ಹಿಡಿದುಕೊಳ್ಳುವ ನಿರ್ವಹಣಾ ಸಂಸ್ಥೆಗೆ ರಾಯರು ಮನೆಯನ್ನು ಮೂರು ವರ್ಷಗಳ ಮಟ್ಟಿಗೆ ಒಪ್ಪಿಸುವರು. ಒಪ್ಪಿಸುವುದೇನೋ ನಿಜ, ಆದರೆ ಬಿಟ್ಟುಕೊಡುವ ಜಾಯಮಾನ ಅವರದಲ್ಲ.

ಸಂಸ್ಥೆಯ ತರುಣನು ಮೊಬೈಲು ಹಿಡಿದು, ಫ್ಯಾನು ಗೀಸರುಗಳ ಪಟ್ಟಿ ಮಾಡಿಕೊಂಡು ಅರ್ಧ ಗಂಟೆಯಲ್ಲಿ ಹೊರಡುವ ಉದ್ದೇಶದಿಂದ ಬಂದಿರುತ್ತಾನೆ. ರಾಯರು ಅವನನ್ನು ಗೇಟಿನ ಬಳಿಯೇ ತಡೆಯುವರು.

"ನೋಡಪ್ಪಾ, ಈ ಚಿಲಕ ಹಾಗೆ ಎಳೆದರೆ ಬರೋದಿಲ್ಲ. ಸ್ವಲ್ಪ ಎತ್ತಿ, ಎಡಕ್ಕೆ ಒತ್ತಿ, ಆಮೇಲೆ ಎಳೀಬೇಕು."

"ಆಯ್ತು ಸಾರ್."

"ಎಲ್ಲಿ, ಒಂದು ಸಲ ಮಾಡಿ ತೋರಿಸು."

ಹೀಗೆ ಆರಂಭವಾದ ಉಪದೇಶವು ಸಂಪಿನ ಮೋಟಾರು, ಬಚ್ಚಲಿನ ಜಾಲರಿ, ಒಂದೇ ಕಡೆ ತಿರುಗುವ ಹಿತ್ತಲಿನ ಬೀಗಗಳನ್ನು ದಾಟಿ ತೆಂಗಿನ ಮರದ ಬುಡಕ್ಕೆ ಬಂದು ನಿಲ್ಲುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಕಾಯಿಗಳು ಯಜಮಾನರಿಗೇ ಸೇರತಕ್ಕದ್ದೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸಬೇಕೆಂಬುದು ಅವರ ಹಟ. ಕ್ಯಾಲಿಫೋರ್ನಿಯಕ್ಕೆ ಕಾಯಿಗಳು ಹೇಗೆ ತಲಪಬೇಕೆಂಬುದನ್ನು ಕೇಳುವ ಧೈರ್ಯ ತರುಣನಿಗಿಲ್ಲ. ಕೊನೆಗೆ, ಗೊಂಚಲಿನಿಂದ ಒಂದು ಬೀಗದಕೈಯನ್ನು ಬಿಡಿಸಿ ರಾಯರು ಜೇಬಿಗೆ ಹಾಕಿಕೊಳ್ಳುವರು. ಅದು ನಡುಕೋಣೆಯದು. ಅದರೊಳಗೆ ಬೀರು, ದಸರಾ ಬೊಂಬೆಗಳು, ತಾಮ್ರದ ಹಂಡೆ ಮತ್ತು 1978ರಿಂದ ಕಟ್ಟಿದ ಕಂದಾಯದ ರಸೀತಿಗಳು ಇರುತ್ತವೆ. ಮೂರು ಕೋಣೆಯ ಮನೆಯನ್ನು ಎರಡು ಕೋಣೆಯದಾಗಿ ಬಾಡಿಗೆಗೆ ಕೊಟ್ಟು ಮೂರರ ಬಾಡಿಗೆಯನ್ನು ನಿರೀಕ್ಷಿಸುವ ಗಣಿತವು ಇವರಿಗೆ ಸಹಜ.

ಕಾಗದಪತ್ರಗಳ ವಿಷಯದಲ್ಲಿ ರಾಯರು ಅಜ್ಞರಲ್ಲ. ಒಂದು ವರ್ಷವನ್ನು ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯಿದೆಯ ಪ್ರಕಾರ ನೋಂದಾಯಿಸಬೇಕಾದುದರಿಂದ, ಲೋಕವೆಲ್ಲ ಮಾಡುವಂತೆ, ಅವರೂ ಬಾಡಿಗೆದಾರರೊಡನೆ ಹನ್ನೊಂದು ತಿಂಗಳ ಕರಾರನ್ನೇ ಬಯಸುವರು. ಮುಖ್ತಾರುನಾಮೆಯಲ್ಲಿ ಬಾಡಿಗೆ ವಸೂಲಿಗೆ ಅಧಿಕಾರ ಕೊಡುವರು, ಮಾರಾಟಕ್ಕೆ ಕೊಡರು. ಇದು ಪೂರ್ಣ ವಿವೇಕ. ಆದರೆ ಬೆಂಗಳೂರಿನ ಪ್ರಸಿದ್ಧವಾದ ಹತ್ತು ತಿಂಗಳ ಅಡ್ವಾನ್ಸು ಸಂಸ್ಥೆಯ ಕೈಯನ್ನು ಸೋಂಕದೆ ನೇರವಾಗಿ ತಮ್ಮ ಖಾತೆಗೇ ಬರಬೇಕು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಕೂಡದೆಂದು 2021ರ ಕೇಂದ್ರದ ಮಾದರಿ ಬಾಡಿಗೆ ಕಾಯಿದೆಯು ಸೂಚಿಸಿರುವುದನ್ನು ತರುಣನು ಮೆಲ್ಲನೆ ನೆನಪಿಸಿದರೆ, ರಾಯರಿಗೆ ಆ ಕ್ಷಣದಲ್ಲಿ ಕಿವಿ ಮಂದವಾಗುತ್ತದೆ.

ಚಿತ್ರಕೂಟದಲ್ಲಿ ರಾಜ್ಯಭಾರದ ವಿಷಯವಾಗಿ ಕೇಳತಕ್ಕ ಪ್ರಶ್ನೆಗಳನ್ನೆಲ್ಲ ಒಂದೇ ಸಲಕ್ಕೆ ಕೇಳಿ ಮುಗಿಸಿ, ಪಾದುಕೆಗಳನ್ನಿತ್ತು ಭರತನನ್ನು ಕಳುಹಿಸಿದ ಶ್ರೀರಾಮನು, ಆಮೇಲೆ ನಂದಿಗ್ರಾಮಕ್ಕೆ ಓಲೆ ಬರೆದು ಕಪ್ಪಕಾಣಿಕೆಯ ಲೆಕ್ಕ ಕೇಳಿದನೆಂದು ವಾಲ್ಮೀಕಿಗಳು ಎಲ್ಲಿಯೂ ಹೇಳಿಲ್ಲ. ರಾಯರು ಆ ಮಾರ್ಗದವರಲ್ಲ. ಬೇಸಗೆಯಲ್ಲಿ ಬೆಂಗಳೂರಿನ ಬೆಳಗಿನ ಆರು ಗಂಟೆಯೆಂದರೆ ಕ್ಯಾಲಿಫೋರ್ನಿಯದಲ್ಲಿ ಹಿಂದಿನ ಸಂಜೆಯ ಐದೂವರೆಯಾದುದರಿಂದ, ನಾಳೆಯ ಕಾವೇರಿ ನೀರಿನ ಚಿಂತೆಯನ್ನು ಇಂದಿನ ಕಾಫಿಯೊಡನೆಯೇ ಮುಗಿಸುವ ಸೌಕರ್ಯ ಅವರಿಗೆ ಒದಗಿದೆ. "ಮೋಟಾರ್ ಹಾಕಿದ್ರಾ?" ಎಂದು ಅವರು ಬಾಡಿಗೆದಾರರನ್ನು ನಿದ್ದೆಯಿಂದ ಎಬ್ಬಿಸುವರು, ಎದ್ದವರು ಸಂಸ್ಥೆಯ ತರುಣನನ್ನು ಎಬ್ಬಿಸುವರು.

ಒಂದು ರಾತ್ರಿ ಪೈಪು ಒಡೆದು, ತರುಣನು ಕೈಯಿಂದ ಹಣ ಹಾಕಿ ರಿಪೇರಿ ಮಾಡಿಸಿದನೆನ್ನಿ. ಆಪತ್ಕಾಲದಲ್ಲಿ ಯಜಮಾನನನ್ನು ನಷ್ಟದಿಂದ ಉಳಿಸಲು, ವಿವೇಕಿಯು ತನ್ನ ಸ್ವಂತ ವಿಷಯದಲ್ಲಿ ಮಾಡಿಕೊಳ್ಳುವಂತಹ ಕೆಲಸಗಳನ್ನೆಲ್ಲ ಪ್ರತಿನಿಧಿಯು ಮಾಡಬಹುದೆಂದು 1872ರ ಕರಾರು ಕಾಯಿದೆಯ 189ನೆಯ ಪ್ರಕರಣವು ಅಭಯವನ್ನಿತ್ತಿದೆ. ರಾಯರು ಕೇಳುವ ಪ್ರಶ್ನೆಯು ಕಾಯಿದೆಯಲ್ಲಿಲ್ಲ: "ಇಪ್ಪತ್ತು ವರ್ಷ ಒಡೀದ ಪೈಪು ನಿಮ್ಮ ಕೈಗೆ ಬಂದ ಕೂಡಲೇ ಹೇಗಪ್ಪಾ ಒಡೀತು?"

ರಾಯರ ಪರವಾಗಿಯೂ ಒಂದು ಮಾತು ಸಲ್ಲಬೇಕು. ಹೊಸ ಗೋಡೆಗಳಿಗೆ ಕಚೇರಿಗೆ ಹೋಗುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ ಕೊಡದಿಂದ ನೀರು ಹೊಯ್ದವರು ಅವರು. ಅಂತಹ ಗೋಡೆಗೆ ಯಾರೋ ಮೊಳೆ ಹೊಡೆದ ಚಿತ್ರವು ಮೊಬೈಲಿನಲ್ಲಿ ಬಂದಾಗ ಅವರಿಗೆ ಆಗುವ ವ್ಯಥೆಯು ಕಪಟವಲ್ಲ.

ಆದರೂ ಇಂತಹ ಮನೆಗೆ ಬಾಡಿಗೆಗೆ ಹೋಗಲಿರುವ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ಅಡ್ವಾನ್ಸು ಯಾರ ಖಾತೆಯಲ್ಲಿರುವುದು, ಹಿಂದಿರುಗಿಸತಕ್ಕವರು ಯಾರು, ಸುಣ್ಣಬಣ್ಣಕ್ಕೆಂದು ಎಷ್ಟು ಮುರಿಯತಕ್ಕದ್ದು ಎಂಬುದನ್ನು ರಾಯರಿಂದಲೂ ಸಂಸ್ಥೆಯಿಂದಲೂ ಬರೆಯಿಸಿಕೊಂಡೇ ಸಾಮಾನು ಇಳಿಸಿರಿ. ಎಳನೀರನ್ನು ಬೀದಿಯಲ್ಲಿ ಕೊಂಡು ಕುಡಿಯಿರಿ.