ಸ್ಕೋಪ್‌ನಲ್ಲಿ ಇಲ್ಲದ ಪಾರ್ವತಮ್ಮಂದಿರು

(ಮುಂದಿನ ಟೆಂಡರ್ ಬರೆಯಲಿರುವ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ)



ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಯಾವ ಇಲಾಖೆಯವರೋ ಅದೂ ಗೊತ್ತಿಲ್ಲ. ಆದರೆ ಮುಂದಿನ ತಿಂಗಳೋ ಅದರಾಚೆಗೋ ನಿಮ್ಮ ಟೇಬಲ್ಲಿಗೆ ಒಂದು ಕಡತ ಬರುತ್ತದೆ. ಹಳೆಯ ತಂತ್ರಾಂಶದ ಗುತ್ತಿಗೆ ಅವಧಿ ಮುಗಿಯುತ್ತಿದೆ, ಹೊಸ ಟೆಂಡರಿಗೆ ಕರಡು ಸಿದ್ಧಪಡಿಸಿ ಮಂಡಿಸಿ ಎಂದು ಅದರಲ್ಲಿ ಟಿಪ್ಪಣಿ ಇರುತ್ತದೆ. ಹಳೆಯ ಟೆಂಡರಿನ ಪ್ರತಿ ತೆಗೆದು ದಿನಾಂಕ ಬದಲಿಸುವ ಮೊದಲು ನನ್ನ ಮಾತನ್ನು ಕೇಳಬೇಕೆಂದು ಬೇಡಿಕೊಳ್ಳುತ್ತೇನೆ.

ನಾನು ಒಂದು ತಾಲ್ಲೂಕು ಕಚೇರಿಯಲ್ಲಿ ಒಂಬತ್ತು ವರ್ಷ ಹೊರಗುತ್ತಿಗೆ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಒಂಬತ್ತು ವರ್ಷವೂ ಅದೇ ಕುರ್ಚಿ, ಅದೇ ಕಿಟಕಿ. ಬದಲಾಗುತ್ತಿದ್ದದ್ದು ಏಜೆನ್ಸಿ ಮಾತ್ರ. ಮೂರು ಸಲ ಟೆಂಡರ್ ಆಯಿತು, ಮೂರು ಸಲ ಕೊರಳಿನ ಐ.ಡಿ. ಕಾರ್ಡಿನ ಬಣ್ಣ ಬದಲಾಯಿತು, ಮೂರು ಸಲವೂ ಹೊಸ ಏಜೆನ್ಸಿ ಕುದುರಿಕೊಳ್ಳುವವರೆಗೆ ಎರಡು ಮೂರು ತಿಂಗಳ ಸಂಬಳ ನಿಂತಿತು. ಅದು ನನ್ನಂಥ ಸಾವಿರಾರು ಜನರ ಕಷ್ಟ, ಅದರ ಬಗ್ಗೆ ಬೇರೆಯೇ ಪತ್ರ ಬರೆಯಬೇಕು. ಇವತ್ತು ಹೇಳಬೇಕಾದದ್ದು ಕಿಟಕಿಯ ಆಚೆ ನಿಂತವರ ವಿಷಯ.

ಒಂದು ವರ್ಷ ಮಾಸಾಶನದ ಪಟ್ಟಿಯನ್ನು ಹಳೆಯ ತಂತ್ರಾಂಶದಿಂದ ಹೊಸದಕ್ಕೆ ಸಾಗಿಸಿದರು. ಹಳೆಯದು ಯುನಿಕೋಡ್ ಬಳಕೆಗೆ ಬರುವುದಕ್ಕೆ ಮುಂಚಿನ ಫಾಂಟಿನಲ್ಲಿ ಟೈಪ್ ಆಗಿತ್ತು. ಹೊಸದು ಯುನಿಕೋಡ್. ಪರದೆಯ ಮೇಲೆ ಎರಡೂ ಕನ್ನಡವೇ. ಒಳಗಿನ ಲೆಕ್ಕ ಬೇರೆ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರ ಆದಮೇಲೆ ಕೂರುತ್ತದೆ. ಯುನಿಕೋಡಿನಲ್ಲಿ ನಾಲಗೆ ಹೊರಳುವ ಕ್ರಮದಲ್ಲಿ ಅದು ಅಕ್ಷರಕ್ಕೆ ಮೊದಲೇ ಬರಬೇಕು. ಪರಿವರ್ತಿಸುವವರಿಗೆ ಇಷ್ಟು ಗೊತ್ತಿಲ್ಲದಿದ್ದರೆ ಪಾರ್ವತಮ್ಮ ಪಾವರ್ತಮ್ಮ ಆಗುತ್ತಾಳೆ, ಧರ್ಮಣ್ಣ ಧಮರ್ಣ್ಣ ಆಗುತ್ತಾನೆ. ನಮ್ಮಲ್ಲಿ ಹಾಗೇ ಆಯಿತು. ಆಧಾರ್‌ನ ಹೆಸರಿಗೆ ತಾಳೆಯಾಗದೆ ಅವರ ಹಣ ನಿಂತುಹೋಯಿತು.

ಮೊದಲು ಬಂದವರು ಪಾರ್ವತಮ್ಮ ಎಂಬ ಅಜ್ಜಿ. ಪಾಸ್‌ಬುಕ್ಕನ್ನು ಹಾಲಿನ ಪ್ಯಾಕೆಟ್ಟಿನ ಕವರಿನೊಳಗಿಟ್ಟು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಗಂಟು ಬಿಚ್ಚಿ ಪಾಸ್‌ಬುಕ್ಕನ್ನು ಕಿಟಕಿಯೊಳಗೆ ತಳ್ಳಿ, "ನಾನ್ ಸತ್ತೋಗಿದೀನಿ ಅಂತ ಬರ್ಕೊಂಡಿದೀರೇನವ್ವಾ?" ಎಂದರು.

"ಇಲ್ಲ ಅಜ್ಜಿ, ಹೆಸರು ತಪ್ಪಾಗಿದೆ."

"ತಪ್ಪು ಬರ್ದೋರು ನೀವೇ ಅಲ್ವಾ. ತಿದ್ದು ಮತ್ತೆ."

ತಿದ್ದಲು ನನಗೆ ಆಗಲಿಲ್ಲ. ತಪ್ಪು ಕಣ್ಣೆದುರಿಗೇ ಇತ್ತು, ಸರಿಯಾದ ಹೆಸರೂ ಗೊತ್ತಿತ್ತು, ಬೆರಳು ಕೀಲಿಮಣೆಯ ಮೇಲೇ ಇತ್ತು. ಆದರೆ ತಿದ್ದುವ ಬಟನ್ ಬೂದು ಬಣ್ಣಕ್ಕೆ ತಿರುಗಿ ಸತ್ತು ಬಿದ್ದಿತ್ತು. ಶಿರಸ್ತೇದಾರರ ಲಾಗಿನ್‌ನಲ್ಲೂ ಆಗಲಿಲ್ಲ, ತಹಶೀಲ್ದಾರರ ಲಾಗಿನ್‌ನಲ್ಲೂ ಆಗಲಿಲ್ಲ. ತಂತ್ರಾಂಶದ ಹಳೆಯ ಏಜೆನ್ಸಿಗೆ ಫೋನ್ ಮಾಡಿದರೆ, ನಮ್ಮ ಗುತ್ತಿಗೆ ಮುಗಿಯಿತು, ಇದ್ದ ಡೇಟಾ ಕೊಟ್ಟಾಯಿತು ಎಂದರು. ಹೊಸ ಏಜೆನ್ಸಿಯ ಹುಡುಗ ಒಳ್ಳೆಯವನು, ಮರ್ಯಾದೆಯಿಂದಲೇ ಹೇಳಿದ: "ಡೇಟಾ ಕ್ಲೀನಿಂಗ್ ನಮ್ ಸ್ಕೋಪ್‌ನಲ್ಲಿ ಇಲ್ಲ ಮೇಡಂ. ಚೇಂಜ್ ರಿಕ್ವೆಸ್ಟ್ ಹಾಕ್ಸಿ, ಮೇಲಿಂದ ಅಪ್ರೂವಲ್ ಬಂದ್ರೆ ಮಾಡ್ತೀವಿ."

ಆ ಅಪ್ರೂವಲ್ ಬರಲು ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ಉದ್ದನೆಯ ನೋಟ್‌ಬುಕ್ಕಿನಲ್ಲಿ ಎಡಗಡೆ ತಪ್ಪು ಹೆಸರು, ಬಲಗಡೆ ಸರಿ ಹೆಸರು ಎಂದು ಬರೆದಿಡತೊಡಗಿದ್ದೆ. ನಮ್ಮ ತಾಲ್ಲೂಕೊಂದರಲ್ಲೇ ಇನ್ನೂರು ದಾಟಿತು. ಕೊನೆಗೆ ಬಾಕಿ ಸಮೇತ ದುಡ್ಡು ಬಂತು, ನಿಜ. ಆದರೆ ಆ ಐದು ತಿಂಗಳು ಅಜ್ಜಿ ಅಂಗಡಿಯಲ್ಲಿ ಸಾಲ ಹೇಳಿ ಅಕ್ಕಿ ತಂದಿದ್ದರು. ಬಾಕಿ ಹಣ ಬಂದ ದಿನವೇ ಅಂಗಡಿಗೆ ಹೋಯಿತು.

ಆಮೇಲೆ ಆ ಟೆಂಡರ್ ದಸ್ತಾವೇಜನ್ನು ತರಿಸಿಕೊಂಡು ಓದಿದೆ. ಪ್ರಿಂಟರ್ ನಿಮಿಷಕ್ಕೆ ಎಷ್ಟು ಹಾಳೆ ಹಾಕಬೇಕು, ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ನಿಲ್ಲಬೇಕು, ಬಿಡ್‌ದಾರರ ವಾರ್ಷಿಕ ವಹಿವಾಟು ಎಷ್ಟಿರಬೇಕು, ಎಲ್ಲವೂ ಇತ್ತು. ಹೆಸರು ತಪ್ಪಾದರೆ ಯಾರು, ಎಷ್ಟು ದಿನದಲ್ಲಿ, ಯಾರ ಖರ್ಚಿನಲ್ಲಿ ತಿದ್ದಬೇಕು ಎಂಬ ಒಂದು ಸಾಲು ಇರಲಿಲ್ಲ. ಆ ಒಂದು ಸಾಲು ಬರೆಯುವ ಅಧಿಕಾರ ನಿಮ್ಮ ಕೈಯಲ್ಲಿದೆ. ಅದಕ್ಕೇ ಈ ಪತ್ರ.

ಕಾನೂನು ಹಾಗಿದೆ, ಎಲ್-1ಗೇ, ಅಂದರೆ ಅತಿ ಕಡಿಮೆ ದರ ಹೇಳಿದವರಿಗೇ ಕೊಡಬೇಕು, ನಮ್ಮ ಕೈ ಕಟ್ಟಿದೆ ಎಂದು ನೀವು ಹೇಳುತ್ತೀರಿ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ 13ನೇ ಪ್ರಕರಣವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಅತಿ ಕಡಿಮೆ ಟೆಂಡರನ್ನು ಒಪ್ಪಬೇಕು ಎಂದು ಅದು ಹೇಳುವುದು ಹೌದು. ಆದರೆ ಆ ಕಡಿಮೆಯನ್ನು ಲೆಕ್ಕ ಹಾಕಬೇಕಾದದ್ದು ಟೆಂಡರ್ ದಸ್ತಾವೇಜಿನಲ್ಲೇ ನಮೂದಿಸಿದ, ಅಳೆಯಬಹುದಾದ ಅಂಶಗಳಿಂದ, ಒಂದೊಂದಕ್ಕೂ ಎಷ್ಟು ತೂಕ ಎಂದು ನಿಗದಿ ಮಾಡಿ ಎನ್ನುತ್ತದೆ. ಬರೀ ಮೊತ್ತ ನೋಡಿ ಎಂದು ಎಲ್ಲೂ ಹೇಳಿಲ್ಲ. ತಪ್ಪು ತಿದ್ದಲು ಹಿಡಿಯುವ ದಿನಗಳನ್ನು ಅಳೆಯಬಹುದು. ಮಾಹಿತಿ ಸಾಗಿಸುವಾಗ ಕೆಟ್ಟ ದಾಖಲೆಗಳನ್ನು ಎಣಿಸಬಹುದು. ಇವನ್ನು ದಸ್ತಾವೇಜಿನಲ್ಲಿ ಬರೆದರೆ ಕಾನೂನು ನಿಮ್ಮ ಬೆನ್ನಿಗೆ ನಿಲ್ಲುತ್ತದೆ. ಬರೆಯದಿದ್ದರೆ ಉಳಿಯುವುದು ಹಣದ ಅಂಕಿ ಒಂದೇ. ಇನ್ನು ಅದೇ ಅಧಿನಿಯಮದ 4(ಜಿ) ವಿನಾಯಿತಿ ಪಡೆದು ಟೆಂಡರೇ ಇಲ್ಲದೆ ಕೊಟ್ಟರೆ ಅಷ್ಟನ್ನೂ ಕೇಳುವವರು ಇರುವುದಿಲ್ಲ.

ಹೊರಗಿನವರಿಗೆ ಕೆಲಸ ಕೊಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಹೊರಗಿನವಳಾಗಿಯೇ ದುಡಿದವಳು ನಾನು. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ನಮ್ಮ ಭೂಮಿ ಯೋಜನೆಯನ್ನೇ ನೋಡಿ. ತಂತ್ರಾಂಶ ಬರೆದದ್ದು ಸರ್ಕಾರದ್ದೇ ಆದ ಎನ್‌ಐಸಿ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಟೈಪ್ ಮಾಡಲು ಖಾಸಗಿ ಡೇಟಾ ಎಂಟ್ರಿಯವರನ್ನು ಕರೆದರು. ಆದರೆ ಟೈಪಾದದ್ದನ್ನು ಹಾಗೇ ಒಪ್ಪಿಕೊಳ್ಳಲಿಲ್ಲ. ಪ್ರಿಂಟ್ ತೆಗೆಸಿ, ಗ್ರಾಮ ಲೆಕ್ಕಿಗರು ತಮ್ಮ ಪುಸ್ತಕ ಮುಂದಿಟ್ಟುಕೊಂಡು ತಾಳೆ ನೋಡಿದರು. ಸರ್ವೆ ನಂಬರ್, ಹಿಸ್ಸಾ, ಗುಂಟೆ, ಖರಾಬು ಎಂದರೆ ಏನೆಂದು ಅವರಿಗೆ ಗೊತ್ತಿತ್ತು. ಎಲ್ಲ ಮುಗಿದ ಮೇಲೆಯೇ ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ ಎಂದು ಘೋಷಿಸಿದ್ದು, 15 ರೂಪಾಯಿಗೆ ಕಿಯೋಸ್ಕಿನಲ್ಲಿ ಪ್ರತಿ ಕೊಟ್ಟದ್ದು. ಬೆರಳು ಹೊರಗಿನವರದು, ಕಣ್ಣು ಇಲಾಖೆಯದು. ಭೂಮಿಯಲ್ಲೂ ತಪ್ಪುಗಳು ಉಳಿದವು, ತಿದ್ದುಪಡಿಗೆ ರೈತರು ಈಗಲೂ ಓಡಾಡುತ್ತಾರೆ. ಆದರೂ ತಿದ್ದುವವರು ಯಾರು ಎಂಬುದಕ್ಕೆ ಅಲ್ಲಿ ಉತ್ತರ ಇದೆ. ಅರ್ಜಿ ಯಾರ ಮುಂದೆ ಹಿಡಿಯಬೇಕೆಂದು ರೈತನಿಗೆ ಗೊತ್ತು.

ಪಾಸ್‌ಪೋರ್ಟಿಗೆ ಹೋದವರಿಗೆ ಇನ್ನೊಂದು ಉದಾಹರಣೆ ನೆನಪಿರಬಹುದು. 2008ರಲ್ಲಿ ಕೇಂದ್ರ ಸರ್ಕಾರ ಆ ಸೇವೆಯನ್ನು ಖಾಸಗಿ ಕಂಪನಿಯಾದ ಟಿಸಿಎಸ್‌ಗೆ ಒಪ್ಪಿಸಿತು. ಪ್ರಯೋಗ 2010ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು. ಎ ಕೌಂಟರಿನಲ್ಲಿ ಫೋಟೋ, ಬೆರಳಚ್ಚು, ಕಾಗದ ಸ್ಕ್ಯಾನ್ ಮಾಡುವವರು ಕಂಪನಿಯವರು. ಬಿ ಮತ್ತು ಸಿ ಕೌಂಟರಿನಲ್ಲಿ ಕೂತು ಪರಿಶೀಲಿಸಿ ಮಂಜೂರು ಮಾಡುವವರು ಸರ್ಕಾರಿ ನೌಕರರು. ಕಂಪನಿಗೆ ಹಣ ಅರ್ಜಿಯ ಲೆಕ್ಕದಲ್ಲಿ, ಕೂರಿಸಿದ ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲ. ಒಬ್ಬನ ಕೆಲಸ ಎಲ್ಲಿ ಮುಗಿದು ಇನ್ನೊಬ್ಬನ ಹೊಣೆ ಎಲ್ಲಿ ಶುರುವಾಗುತ್ತದೆ ಎಂಬುದು ಆ ಕೇಂದ್ರದಲ್ಲಿ ನಿಂತವನ ಕಣ್ಣಿಗೇ ಕಾಣುತ್ತದೆ.

ಆ ಗೆರೆ ಅಳಿಸಿಹೋದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಕಚೇರಿಗಳ ಕಥೆ ಇದೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1996ರಲ್ಲಿ ಅಲ್ಲಿನ ಸರ್ಕಾರ ಪಿಂಚಣಿ, ಭತ್ಯೆಗಳನ್ನು ಅಂಚೆ ಕಚೇರಿಯಲ್ಲಿ ಕಾರ್ಡಿನ ಮೂಲಕ ಕೊಡಲು ಐಸಿಎಲ್ ಕಂಪನಿಗೆ ಗುತ್ತಿಗೆ ಕೊಟ್ಟಿತು. ಐಸಿಎಲ್ ಜಪಾನಿನ ಫುಜಿತ್ಸುವಿಗೆ ಸೇರಿದ ಕಂಪನಿ. 1999ರಲ್ಲಿ ಕಾರ್ಡಿನ ಯೋಜನೆ ಕೈಬಿಟ್ಟರು. ಮಾಡಿದ ಖರ್ಚು ದಂಡವಾಗಬಾರದೆಂದು ಉಳಿದ ಭಾಗವನ್ನೇ ಅಂಚೆ ಲೆಕ್ಕಕ್ಕೆ ಹಚ್ಚಿದರು. ಅದರ ಹೆಸರು ಹೊರೈಜನ್. ಇಲ್ಲದ ಕೊರತೆಯನ್ನು ಅದು ತೋರಿಸತೊಡಗಿತು. ಸಣ್ಣ ಊರುಗಳಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದವರ ಮೇಲೆ ಕಳ್ಳತನದ, ಸುಳ್ಳು ಲೆಕ್ಕದ ಆರೋಪ ಬಂತು. 900ಕ್ಕೂ ಹೆಚ್ಚು ಜನ ಅಪರಾಧಿಗಳೆನಿಸಿದರು. ಭಾರತ ಮೂಲದ ಸೀಮಾ ಮಿಶ್ರಾ 2010ರಲ್ಲಿ ಜೈಲಿಗೆ ಹೋದಾಗ ಗರ್ಭಿಣಿ.

ಆ ಗುತ್ತಿಗೆಯ ಒಂದು ಷರತ್ತು ಕೇಳಿ. ಲೆಕ್ಕ ಕೆಟ್ಟದ್ದು ಎಲ್ಲಿ ಎಂದು ನೋಡಲು ಕಂಪನಿಯ ಬಳಿಯಿದ್ದ ಮೂಲ ದಾಖಲೆ ಬೇಕು. ವರ್ಷಕ್ಕೆ ಇಂತಿಷ್ಟು ಕೋರಿಕೆ ಎಂದು ಗುತ್ತಿಗೆಯಲ್ಲಿ ಮಿತಿ ಇತ್ತು, ಅದು ಮೀರಿದರೆ ಹಣ ಕೊಡಬೇಕಿತ್ತು. ತನ್ನದೇ ಲೆಕ್ಕವನ್ನು ನೋಡಲು ಸಂಸ್ಥೆ ಗುತ್ತಿಗೆದಾರನಿಗೆ ಹಣ ಕಟ್ಟಬೇಕು! ಅಂಚೆಯವರಿಗೆ ತಿಳಿಯದಂತೆ ದೂರದಿಂದಲೇ ಖಾತೆಯೊಳಗೆ ಹೋಗಲು ಕಂಪನಿಯ ಎಂಜಿನಿಯರುಗಳಿಗೆ ಸಾಧ್ಯವಿತ್ತು ಎಂಬುದು ವರ್ಷಗಟ್ಟಲೆ ಮುಚ್ಚಿಹೋಗಿತ್ತು. ತಂತ್ರಾಂಶದಲ್ಲಿ ದೋಷ ಇತ್ತೆಂದು ಲಂಡನ್ನಿನ ಹೈಕೋರ್ಟ್ ಹೇಳಿದ್ದು 2019ರ ಡಿಸೆಂಬರಿನಲ್ಲಿ. ಶಿಕ್ಷೆಗಳನ್ನು ಒಟ್ಟಿಗೇ ರದ್ದು ಮಾಡಲು 2024ರಲ್ಲಿ ಅಲ್ಲಿನ ಸಂಸತ್ತು ಕಾನೂನನ್ನೇ ತರಬೇಕಾಯಿತು. ಗುತ್ತಿಗೆ ಪತ್ರದ ಯಾವುದೋ ಒಳಪುಟದಲ್ಲಿ ಕೂತ ಷರತ್ತು ಊರಿನ ಮರ್ಯಾದಸ್ಥರನ್ನು ಕಟಕಟೆಗೆ ತಂದು ನಿಲ್ಲಿಸಿತು.

ನಮ್ಮಲ್ಲಿ 2021ರ ಜೂನ್ 7ರಂದು ಹೊಸ ಆದಾಯ ತೆರಿಗೆ ಪೋರ್ಟಲ್ ಬಂದಾಗ ಏನಾಯಿತೆಂದು ನಿಮಗೆ ನೆನಪಿದೆ. ಸುಮಾರು 4,242 ಕೋಟಿ ರೂಪಾಯಿಯ ಯೋಜನೆ, ಮಾಡಿದ್ದು ನಮ್ಮದೇ ಊರಿನ ಇನ್ಫೋಸಿಸ್. ಪೋರ್ಟಲ್ ತಡವರಿಸಿದಾಗ ಲೆಕ್ಕಪರಿಶೋಧಕರು ದನಿ ಎತ್ತಿದರು, ಹಣಕಾಸು ಸಚಿವರು ಆಗಸ್ಟಿನಲ್ಲಿ ಕಂಪನಿಯ ಮುಖ್ಯಸ್ಥರನ್ನೇ ಕರೆಸಿ ಕೇಳಿದರು, ರಿಟರ್ನ್ ಸಲ್ಲಿಸುವ ಗಡುವು ಡಿಸೆಂಬರ್ ಕೊನೆಯವರೆಗೆ ಹೋಯಿತು. ಸರಿಯಾದದ್ದೇ ಆಯಿತು. ಆದರೆ ಮಾಸಾಶನದ ಪಟ್ಟಿ ಕೆಟ್ಟಾಗ ಪಾರ್ವತಮ್ಮನ ಪರವಾಗಿ ಯಾರನ್ನು ಯಾರು ಕರೆಸಿದರು? ಆಕೆಯ ಅಂಗಡಿ ಸಾಲಕ್ಕೆ ಗಡುವು ಮುಂದಕ್ಕೆ ಹಾಕಿದವರು ಯಾರು?

ಇಲಾಖೆಯೊಳಗೆ ತಿಳಿದವರು ಇಲ್ಲದಿದ್ದರೆ ಹಣ ಹೋದದ್ದೂ ಬೇಗ ಗೊತ್ತಾಗುವುದಿಲ್ಲ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಿಂದಲೇ, ಬಿಡ್‌ದಾರರಿಗೆ ಹಿಂತಿರುಗಬೇಕಿದ್ದ ಇಎಂಡಿ ಠೇವಣಿ ಹಣದಲ್ಲಿ ಸುಮಾರು 11.5 ಕೋಟಿ ರೂಪಾಯಿ ಬೇರೆಯವರ ಖಾತೆಗೆ ಹೋಯಿತು, ಪ್ರಕರಣ ಸಿಐಡಿಗೆ ಹೋಯಿತು. ಟೆಂಡರ್ ಕರೆಯುವ ಜಾಗಕ್ಕೇ ಕನ್ನ ಬಿತ್ತು. ಹಾಗಾಗಿ ಕೇಳುತ್ತೇನೆ: ಪ್ರತಿ ತಂತ್ರಾಂಶಕ್ಕೂ ಅದರ ಹೊಟ್ಟೆಯೊಳಗೆ ಏನಿದೆ ಎಂದು ತಿಳಿದ ಇಬ್ಬರಾದರೂ ಕಾಯಂ ನೌಕರರು ಇಲಾಖೆಯಲ್ಲಿ ಇರಲಿ. ಅವರನ್ನು ಆರು ತಿಂಗಳಿಗೊಮ್ಮೆ ವರ್ಗ ಮಾಡಬೇಡಿ.

ಕರಡಿಗೆ ಬರೋಣ. ಮಾಹಿತಿ ಇಲಾಖೆಯದು, ಗುತ್ತಿಗೆ ಮುಗಿದ ದಿನ ಯುನಿಕೋಡ್‌ನಲ್ಲಿ, ಬೇರೆ ಯಾರು ಬೇಕಾದರೂ ತೆರೆಯಬಹುದಾದ ರೂಪದಲ್ಲಿ, ಪೂರ್ತಿ ಒಪ್ಪಿಸಬೇಕು ಎಂದು ಬರೆಯಿರಿ. ಸೋರ್ಸ್ ಕೋಡ್ ಕೂಡ ಇಲಾಖೆಗೇ ಸೇರಬೇಕು. ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದು ಕೇಂದ್ರ ಸರ್ಕಾರದ ನೀತಿ 2015ರಿಂದಲೇ ಇದೆ, ಅದನ್ನು ಆಧಾರವಾಗಿ ಹಿಡಿಯಬಹುದು. ಯಾರು ಯಾವಾಗ ಯಾವ ದಾಖಲೆ ಮುಟ್ಟಿದರು ಎಂಬ ಲಾಗ್ ನೋಡಲು ಶುಲ್ಕ ಇರಕೂಡದು. ಹಳೆಯ ಏಜೆನ್ಸಿಗೆ ಕೊನೆಯ ಬಿಲ್ ಪಾಸಾಗುವುದು ಹೊಸ ತಂತ್ರಾಂಶದಲ್ಲಿ ಹೆಸರುಗಳು ತಾಳೆಯಾಗಿವೆ ಎಂದು ತಾಲ್ಲೂಕಿನವರು ಸಹಿ ಹಾಕಿದ ಮೇಲೆಯೇ ಆಗಲಿ. ಮುಖ್ಯವಾಗಿ, ಕಣ್ಣಿಗೆ ಕಾಣುವ ತಪ್ಪನ್ನು ತಿದ್ದುವ ಅಧಿಕಾರ ತಾಲ್ಲೂಕು ಮಟ್ಟದಲ್ಲಿ ಒಬ್ಬ ಜವಾಬ್ದಾರ ಅಧಿಕಾರಿಯ ಲಾಗಿನ್‌ನಲ್ಲಿ ಇರಲಿ. ತಿದ್ದಿದ್ದು ದಾಖಲಾಗಲಿ, ಬೇಕಾದರೆ ಎರಡು ಬೆರಳಚ್ಚು ಕೇಳಿ. ಆದರೆ ಆ ಬಟನ್ ಜೀವಂತ ಇರಲಿ.

ಇನ್ನೊಂದು ಕೋರಿಕೆ. ಟೆಂಡರ್ ಪ್ರಕಟಿಸಿದ ಮೇಲೆ ಪ್ರೀ-ಬಿಡ್ ಸಭೆ ಕರೆಯುತ್ತೀರಿ. ಅಲ್ಲಿಗೆ ಕಂಪನಿಗಳವರು ಬರುತ್ತಾರೆ, ಟರ್ನ್‌ಓವರ್ ಷರತ್ತು ಸಡಿಲಿಸಿ ಎಂದು ಕೇಳುತ್ತಾರೆ. ಕರಡು ಅಂತಿಮವಾಗುವ ಮೊದಲು ಇನ್ನೊಂದು ಸಭೆ ನಡೆಸಿ. ಗ್ರಾಮ ಆಡಳಿತಾಧಿಕಾರಿಗಳನ್ನು (ಹಿಂದಿನ ಗ್ರಾಮ ಲೆಕ್ಕಿಗರು) ಕರೆಯಿರಿ, ಶಿರಸ್ತೇದಾರರನ್ನು ಕರೆಯಿರಿ, ಕಿಟಕಿಯ ಈಚೆ ಕೂರುವ ಆಪರೇಟರನ್ನೂ ಕರೆಯಿರಿ. ನನ್ನ ಕುರ್ಚಿಯಲ್ಲಿ ಈಗ ಬೇರೆ ಹುಡುಗಿ ಇದ್ದಾಳೆ. ಬೆಂಗಳೂರಿಗೆ ಬಂದುಹೋಗುವ ಬಸ್ ಚಾರ್ಜು ಅವಳಿಗೆ ಏಜೆನ್ಸಿ ಕೊಡುವುದಿಲ್ಲ, ನೀವು ಕೊಡಿಸಿ. ನಾನು ಬಿಟ್ಟು ಬಂದ ಉದ್ದನೆಯ ನೋಟ್‌ಬುಕ್ ಅವಳ ಡ್ರಾಯರಿನಲ್ಲೇ ಇದೆ, ಬರುವಾಗ ತರಲು ಹೇಳುತ್ತೇನೆ.

ಇಂತಿ,
ಮಾಜಿ ಹೊರಗುತ್ತಿಗೆ ಆಪರೇಟರ್