ಮೊದಲಿನ ಹಾಗಿಲ್ಲ ಕಣ್ರೀ!

ರಾಕ್ ಸಂಗೀತದ ಗಂಧಗಾಳಿ ಇಲ್ಲದಿದ್ದರೂ ಆ ಅಭಿಮಾನಿಗಳ ನಡುವೆ ಪಂಡಿತರೆನಿಸಿಕೊಳ್ಳಬೇಕೇ? ಒಂದು ಮಾತು ಬಾಯಿಪಾಠ ಮಾಡಿಕೊಳ್ಳಿ: 'ಮೊದಲಿನ ಹಾಗಿಲ್ಲ ಕಣ್ರೀ.' ಯಾವ ಬ್ಯಾಂಡು, ಯಾವ ಆಲ್ಬಮ್ಮು ಎಂದು ಯಾರೂ ಕೇಳುವುದಿಲ್ಲ. ಕಪ್ಪು ಟೀಶರ್ಟಿನವರೆಲ್ಲ ತಲೆಯಾಡಿಸಿ, ನಿಟ್ಟುಸಿರು ಬಿಟ್ಟು, ನಿಮಗೆ ಕೂರಲು ಜಾಗ ಮಾಡಿಕೊಡುತ್ತಾರೆ.

ಈ ಮಾತಿಗೆ ಮೆಟಾಲಿಕಾದಷ್ಟು ಬಲಿಯಾದವರು ಇನ್ನೊಬ್ಬರಿಲ್ಲ. 1981ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಹುಟ್ಟಿದ ಬ್ಯಾಂಡು. 1983ರಲ್ಲಿ ಮೊದಲ ಆಲ್ಬಮ್ 'ಕಿಲ್ ಎಮ್ ಆಲ್', ಮೈಮೇಲೆ ದೆವ್ವ ಬಂದವರ ವೇಗದಲ್ಲಿ. ಮರುವರ್ಷ ಎರಡನೆಯದು ಬಂತು. ಅದರಲ್ಲಿ 'ಫೇಡ್ ಟು ಬ್ಲ್ಯಾಕ್' ಎಂಬ ಹಾಡು ಅಕೂಸ್ಟಿಕ್ ಗಿಟಾರಿನ ಮೆಲುದನಿಯಿಂದ ಶುರುವಾಗುತ್ತದೆ. ತಗೊಳ್ಳಿ, ಎದ್ದೇಬಿಟ್ಟಿತು ಕೂಗು: ಇವರು ದುಡ್ಡಿಗೆ ಮಾರಿಕೊಂಡರು! ಆ ಹುಡುಗರಿಗೆ ಆಗ ಇಪ್ಪತ್ತರ ಆಸುಪಾಸು. ಕೊಳ್ಳುವವರಾದರೂ ಯಾರಿದ್ದರೋ!

1986ರಲ್ಲಿ ಸ್ವೀಡನ್ನಿನಲ್ಲಿ ಬಸ್ಸು ಮಗುಚಿ ಬೇಸ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡ. ಆತನ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದ. 1988ರ ಆಲ್ಬಮ್ಮಿನಲ್ಲಿ ಅವನ ಬೇಸನ್ನು ಎಷ್ಟು ತಗ್ಗಿಸಿದರೆಂದರೆ, ಅಭಿಮಾನಿಗಳು ದುಬಾರಿ ಹೆಡ್‌ಫೋನ್ ಏರಿಸಿಕೊಂಡು ಇಂದಿಗೂ ಹುಡುಕುತ್ತಿದ್ದಾರೆ, ಸಿಕ್ಕಿಲ್ಲ. ತಮಾಷೆಯೆಂದರೆ ಆ ಆಲ್ಬಮ್ಮೂ ಈಗ 'ಹಳೆಯ ಒಳ್ಳೆಯ ದಿನ'ಗಳ ಪಟ್ಟಿಯಲ್ಲಿದೆ.

1991ರ ಆಲ್ಬಮ್ಮಿಗೆ ಬಾಬ್ ರಾಕ್ ಎಂಬ ನಿರ್ಮಾಪಕ ಬಂದ. ಹತ್ತು ನಿಮಿಷದ ಹಾಡು ಐದಕ್ಕಿಳಿಯಿತು, ಓಟ ನಡಿಗೆಯಾಯಿತು, ಬೇಸ್ ಕೇಳಿಸಿತು. ಅಮೆರಿಕವೊಂದರಲ್ಲೇ ಒಂದೂವರೆ ಕೋಟಿಗೂ ಹೆಚ್ಚು ಪ್ರತಿ ಖರ್ಚಾಯಿತು. ಅದರಲ್ಲಿನ 'ನಥಿಂಗ್ ಎಲ್ಸ್ ಮ್ಯಾಟರ್ಸ್' ಶುರುವಾಗುವ ಪರಿ ಗಮನಿಸಿ. ಮೊದಲ ಕೆಲವು ಮೀಟು ಬರೀ ತೆರೆದ ತಂತಿಗಳದ್ದು, ಎಡಗೈಗೆ ಕೆಲಸವೇ ಇಲ್ಲ. ಬ್ಯಾಂಡಿನ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಒಂದು ಕೈಯಲ್ಲಿ ಫೋನ್ ಹಿಡಿದು ಗೆಳತಿಯೊಡನೆ ಮಾತಾಡುತ್ತ, ಇನ್ನೊಂದು ಕೈಯಲ್ಲಿ ಸುಮ್ಮನೆ ಮೀಟುತ್ತಿದ್ದಾಗ ಹುಟ್ಟಿದ್ದಂತೆ ಅದು. 'ಕಲಾವಿದನ ಹೊಸ ದಿಕ್ಕು' ಎಂದು ವಿಮರ್ಶಕರು ಪುಟಗಟ್ಟಲೆ ಬರೆಯುತ್ತಾರಲ್ಲ, ಅದರ ಮೂಲ ಹುಡುಕಿದರೆ ಬಹಳ ಸಲ ಹೀಗೆ ಖಾಲಿ ಇರದ ಒಂದು ಕೈ ಸಿಗುತ್ತದೆ.

1996ರಲ್ಲಿ ಇನ್ನೂ ದೊಡ್ಡ ಅನಾಹುತ: ನಾಲ್ವರೂ ತಲೆಕೂದಲು ಕತ್ತರಿಸಿಕೊಂಡರು. 'ಲೋಡ್' ಆಲ್ಬಮ್ಮಿನ ಹಾಡುಗಳ ಬಗ್ಗೆ ಆದ ಚರ್ಚೆಗಿಂತ ಕ್ಷೌರದ ಬಗ್ಗೆ ಆದ ಚರ್ಚೆಯೇ ಹೆಚ್ಚು. ಹಾಗೆ ಅತ್ತವರ ತಲೆಯ ಮೇಲೆ ಈಗೆಷ್ಟು ಉಳಿದಿದೆ ಎಂದು ನಾನು ಕೇಳಲು ಹೋಗುವುದಿಲ್ಲ.

ಇನ್ನು 2003ರ 'ಸೇಂಟ್ ಆಂಗರ್'. ಅಯ್ಯೋ ರಾಮ! ಸ್ನೇರ್ ಡ್ರಮ್ಮಿನ ಅಡಿಯಲ್ಲಿ ಸುರುಳಿ ತಂತಿಗಳ ಒಂದು ಪಟ್ಟಿ ಇರುತ್ತದೆ. ಮೇಲೆ ಕೋಲು ಬಿದ್ದಾಗ ಅವು ಕೆಳಗಿನ ಹೊದಿಕೆಗೆ ತಾಗಿ 'ಛಟ್' ಎನ್ನುವ ಸದ್ದು ಹೊರಡುತ್ತದೆ. ಪಕ್ಕದಲ್ಲಿ ಪುಟ್ಟ ಹಿಡಿಯೊಂದಿದೆ. ಅದನ್ನು ಸಡಿಲಿಸಿದರೆ ತಂತಿ ದೂರ ಸರಿದು, 'ಛಟ್' ಹೋಗಿ 'ಠಣ್' ಉಳಿಯುತ್ತದೆ. ಡ್ರಮ್ ವಾದಕ ಲಾರ್ಸ್ ಉಲ್ರಿಕ್ ಮಹಾಶಯ ಒಂದು ದಿನ ತಂತಿ ಬಿಗಿಯಲು ಮರೆತ. ಧ್ವನಿಮುದ್ರಣ ಕೇಳಿದಾಗ ಅವನಿಗದು ಹಿಡಿಸಿಬಿಟ್ಟಿತು. ಫಲ: ಎಪ್ಪತ್ತೈದು ನಿಮಿಷ ತಗಡಿನ ಡಬ್ಬಿ ಬಡಿತ. ಬೇಸ್ ನುಡಿಸಿದವನು ಯಾರು ಗೊತ್ತೇ? ನಿರ್ಮಾಪಕ ಬಾಬ್ ರಾಕ್! ನ್ಯೂಸ್ಟೆಡ್ 2001ರಲ್ಲೇ ಬಿಟ್ಟುಹೋಗಿದ್ದ. ಹೆಟ್‌ಫೀಲ್ಡ್ ಕುಡಿತ ಬಿಡಲು ಚಿಕಿತ್ಸೆಗೆ ಹೋಗಿ ಬಂದವನು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮಾತ್ರ ಕೆಲಸ ಎಂದು ಕೂತ. ಅವನಿಲ್ಲದ ಹೊತ್ತಿನಲ್ಲಿ ಉಳಿದವರು ಹಾಡು ಮುಟ್ಟುವಂತಿಲ್ಲ! ಮನಸ್ತಾಪ ಬಿಡಿಸಲು ಇಟ್ಟುಕೊಂಡ ಸಲಹೆಗಾರನಿಗೆ ತಿಂಗಳಿಗೆ 40,000 ಡಾಲರ್. ಇದೆಲ್ಲ 2004ರ ಸಾಕ್ಷ್ಯಚಿತ್ರ 'ಸಮ್ ಕೈಂಡ್ ಆಫ್ ಮಾನ್‌ಸ್ಟರ್'ನಲ್ಲಿ ಬಯಲಾಗಿದೆ. ನನ್ನನ್ನು ಕೇಳಿದರೆ ಆಲ್ಬಮ್ಮಿಗಿಂತ ಆ ಚಿತ್ರವೇ ಚೆನ್ನ. ಗಿಟಾರ್ ಸೋಲೋ ಇರಕೂಡದು ಎಂದು ಉಳಿದವರು ಹಟ ಹಿಡಿದಾಗ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಮೆಲ್ಲನೆ ವಾದಿಸುತ್ತಾನೆ: ಸೋಲೋ ತೆಗೆದರೆ ಆಲ್ಬಮ್ಮು ಆ ಕಾಲದ ಫ್ಯಾಷನ್ನಿಗೇ ಕಟ್ಟುಬೀಳುತ್ತದೆ, ಬೇಗ ಹಳತಾಗುತ್ತದೆ ಎಂದು. ಅವನ ಮಾತೇ ನಿಜವಾಯಿತು.

ಐದು ವರ್ಷ ಬಿಟ್ಟು 'ಡೆತ್ ಮ್ಯಾಗ್ನೆಟಿಕ್'. ಸೋಲೋ ಬಂತು, ವೇಗ ಬಂತು, ಅಭಿಮಾನಿಗೆ ಬೇಕಾದದ್ದೆಲ್ಲ ಬಂತು. ಆದರೆ ಸದ್ದನ್ನು ಒಡೆದುಹೋಗುವಷ್ಟು ಏರಿಸಿದ್ದರು. ಅದೇ ಹಾಡುಗಳು 'ಗಿಟಾರ್ ಹೀರೋ' ಎಂಬ ವಿಡಿಯೋ ಗೇಮಿನಲ್ಲಿ ಸಿಡಿಗಿಂತ ತಿಳಿಯಾಗಿ ಕೇಳಿಸಿದವು. ಗೇಮಿನೊಳಗಿನ ಹಾಡೇ ಚೆನ್ನ ಎಂದು ಜಗಳಕ್ಕೆ ನಿಂತರಪ್ಪ ನಮ್ಮ ಜನ!

ಬದಲಾಗಲೇಬಾರದು ಎನ್ನುವವರಿಗೆ ಎಸಿ/ಡಿಸಿ ಇದೆ. 1973ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ್ದು, ಅಂದಿನಿಂದ ಇಂದಿನವರೆಗೆ ಅದೇ ಬಡಿತ. ಗಿಟಾರ್ ವಾದಕ ಆಂಗಸ್ ಯಂಗ್ ಎಪ್ಪತ್ತು ಮುಟ್ಟಿದರೂ ಶಾಲಾ ಬಾಲಕನ ಚಡ್ಡಿ, ಟೈ ಬಿಟ್ಟಿಲ್ಲ. ಅವರ ಬಗ್ಗೆ ನಮ್ಮ ಪಂಡಿತರ ದೂರು ಏನು? 'ಎಲ್ಲಾ ಹಾಡೂ ಒಂದೇ ಥರ ಕಣ್ರೀ!'

ಇನ್ನು ಕೆಲವು ಬದಲಾವಣೆಗೆ ಗಂಟಲೇ ಕಾರಣ. 1970ರಲ್ಲಿ ಡೀಪ್ ಪರ್ಪಲ್‌ನ ಇಯಾನ್ ಗಿಲ್ಲನ್ 'ಚೈಲ್ಡ್ ಇನ್ ಟೈಮ್'ನಲ್ಲಿ ಕಿರುಚಿದಾಗ ಅವನಿಗೆ ಇಪ್ಪತ್ನಾಲ್ಕು. ಅರವತ್ತರ ಹೊತ್ತಿಗೆ ಆ ಕಿರುಚು ಬರುತ್ತದೆಯೇ? ಈ ಶತಮಾನದ ಆರಂಭದಲ್ಲೇ ಹಾಡನ್ನು ವೇದಿಕೆಯಿಂದ ಕೈಬಿಟ್ಟರು. ಮೆಟಾಲಿಕಾದವರೂ ವೇದಿಕೆಯ ಮೇಲೆ ಗಿಟಾರುಗಳನ್ನು ಅರ್ಧ ಸ್ವರ ಇಳಿಸಿಕೊಳ್ಳುತ್ತಾರೆ. ನಮ್ಮ ವಿದ್ವಾಂಸರೂ ವಯಸ್ಸಾದಂತೆ ಶ್ರುತಿ ಇಳಿಸಿಕೊಳ್ಳುತ್ತಾರಲ್ಲವೇ? ಅದಕ್ಕೆ 'ಪಕ್ವತೆ' ಎಂದು ಶಾಲು ಹೊದಿಸುತ್ತೇವೆ. ರಾಕ್‌ನವರಿಗೆ ಮಾತ್ರ ಬೈಗುಳ.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. ಎರಡು ದಿನ ಮೊದಲು ಗುರ್‌ಗಾಂವ್‌ನ ಕಾರ್ಯಕ್ರಮ ರದ್ದಾಗಿ, ಸಿಟ್ಟಿಗೆದ್ದ ಜನ ವೇದಿಕೆಯ ಮೇಲೆ ನುಗ್ಗಿದ್ದರು. ಇಲ್ಲಿ ಎಲ್ಲ ಸುಸೂತ್ರ. ಹಳೆಯ ಹಾಡುಗಳೇ ಹೆಚ್ಚು, ಮೈದಾನವೇ ಗಂಟಲು ಹರಿದುಕೊಂಡಿತು. ಮರುದಿನ ರಾಕ್ ಗಾಯಕ ಲೂ ರೀಡ್ ಜತೆ ಮಾಡಿದ 'ಲುಲು' ಆಲ್ಬಮ್ ಬಿಡುಗಡೆ. ಹಾಡಿಗಿಂತ ಮಾತೇ ಹೆಚ್ಚು, ವೇಗವಿಲ್ಲ, ತಲೆಬುಡ ತಿಳಿಯುವುದಿಲ್ಲ. ಗಂಟಲು ಸರಿಹೋಗುವ ಮೊದಲೇ ಬೈಯಲು ಶುರು! ನನ್ನ ಮಟ್ಟಿಗೆ 'ಲುಲು' ಕೆಟ್ಟದ್ದೇ. ಆದರೆ ಅರಮನೆ ಮೈದಾನದಲ್ಲಿ ಸಿಕ್ಕ ಚಪ್ಪಾಳೆಯನ್ನೇ ನೆಚ್ಚಿಕೊಂಡಿದ್ದರೆ ಇವರು ಹೊಸ ಹಾಡು ಬರೆಯುವ ಗೋಜಿಗೇ ಹೋಗಬೇಕಿರಲಿಲ್ಲ.

ಹೆಟ್‌ಫೀಲ್ಡ್, ಉಲ್ರಿಕ್ ಇಬ್ಬರೂ 1963ರಲ್ಲಿ ಹುಟ್ಟಿದವರು. ನಮ್ಮಲ್ಲಾದರೆ ಸರ್ಕಾರಿ ನೌಕರಿಯಿಂದ ಹಾರ ಹಾಕಿಸಿಕೊಂಡು ಮನೆಗೆ ಹೋಗಿರಬೇಕಾದ ವಯಸ್ಸು. 2023ರಲ್ಲಿ '72 ಸೀಸನ್ಸ್' ತಂದರು, 77 ನಿಮಿಷ. ಕೊನೆಯ 'ಇನಮೊರಾಟಾ' ಹನ್ನೊಂದು ನಿಮಿಷದ್ದು, ತಮ್ಮ ಆಲ್ಬಮ್ಮುಗಳಿಗೆ ಅವರೇ ಬರೆದುಕೊಂಡ ಹಾಡುಗಳಲ್ಲೆಲ್ಲ ಉದ್ದದ್ದು. ಬೈಯಬೇಕೆಂದಿರುವವರು ದಯವಿಟ್ಟು ಅಲ್ಲಿಯವರೆಗೂ ಕೇಳಿಯೇ ಬೈಯಿರಿ.