ಶೋಕೇಸಿನಲ್ಲಿ ಬಾಂಬು

ಸ್ಟಾಂಪು, ನಾಣ್ಯ, ಬೆಂಕಿಪೊಟ್ಟಣ ಕೂಡಿಡುವವರನ್ನು ನಾವು ಕಂಡಿದ್ದೇವೆ. ಇಂಗ್ಲೆಂಡಿನಲ್ಲಿ ಗ್ರೆನೇಡು ಕೂಡಿಡುವ ಪುಣ್ಯಾತ್ಮರೂ ಇದ್ದಾರೆ. ಮದ್ದು ತೆಗೆದು ಟೊಳ್ಳು ಮಾಡಿದ್ದೇ ಬಿಡಿ. ಆದರೂ ಎದುರಿಗೆ ಕೂತು ಟೀ ಕುಡಿಯುವ ನೆಂಟನ ಒಂದು ಕಣ್ಣು ಶೋಕೇಸಿನ ಮೇಲೇ.

ಇವರ ಕುಲದೈವ ಮಿಲ್ಸ್ ಬಾಂಬು. 1915ರಲ್ಲಿ ಬರ್ಮಿಂಗ್‌ಹ್ಯಾಮಿನಿಂದ ಹೊರಟಿದ್ದು. ಎರಕದ ಕಬ್ಬಿಣ, ಥೇಟ್ ಸೀತಾಫಲದ ಮೈ. ಪಕ್ಕದಲ್ಲೊಂದು ಲಿವರು, ಅದನ್ನು ಹಿಡಿದಿಡುವ ಪಿನ್ನು, ಪಿನ್ನಿಗೊಂದು ಉಂಗುರ. ಬಲ್ಲವನು ಮೊದಲು ಅದನ್ನು ತಲೆಕೆಳಗು ಮಾಡಿ ತಳದ ಬಿರಡೆ ನೋಡುತ್ತಾನೆ. ಕೋಲು ಸಿಕ್ಕಿಸಲು ನಡುವೆ ತೂತಿದ್ದರೆ ಅದು ರೈಫಲಿನಿಂದ ಹಾರಿಸುವ ನಂಬರ್ 23. ಇಲ್ಲದಿದ್ದರೆ ಬರಿಗೈಯಲ್ಲಿ ಎಸೆಯುವ ನಂಬರ್ 5. ಹುಡುಗಿಯ ಜಾತಕವನ್ನೂ ಯಾರೂ ಇಷ್ಟು ಕೂಲಂಕಷವಾಗಿ ನೋಡಲಿಕ್ಕಿಲ್ಲ.

ಈ ಪಾಂಡಿತ್ಯ ವಿಮಾನ ನಿಲ್ದಾಣದಲ್ಲಿ ನಡೆಯದು. ಅಮೆರಿಕದಲ್ಲಂತೂ ಟೊಳ್ಳು ಗ್ರೆನೇಡನ್ನು ಕೈಚೀಲದಲ್ಲೂ ಒಯ್ಯುವಂತಿಲ್ಲ, ಲಗೇಜಿನಲ್ಲೂ ಹಾಕುವಂತಿಲ್ಲ. ಸರಿಯೇ. ಎಕ್ಸ್‌ರೇ ಮುಂದೆ ಕೂತವನಿಗೂ ಹೆಂಡತಿ ಮಕ್ಕಳಿದ್ದಾರೆ.

ಟೊಳ್ಳು ಎಂದು ಹೇಳಿದವರು ಯಾರು ಎಂಬುದೂ ಮುಖ್ಯ. ವೇಲ್ಸಿನ ಮಿಲ್ಫರ್ಡ್ ಹೇವನ್‌ನಲ್ಲಿ ಒಂದು ಮನೆಯ ಮುಂದೆ ನೌಕಾಪಡೆಯ ಹಳೇ ಗುಂಡು ಅಲಂಕಾರಕ್ಕೆಂದು ನಿಂತಿತ್ತು. ಯಜಮಾನಿತಿ ಗಿಡ ನೆಟ್ಟು ಬಂದು, ಕರಣೆಗೆ ಮೆತ್ತಿದ ಮಣ್ಣನ್ನು ಅದಕ್ಕೇ ಕುಟ್ಟಿ ಉದುರಿಸುತ್ತಿದ್ದರು. 2023ರಲ್ಲಿ ಸೈನ್ಯದವರು ಬಂದು ನೋಡಿದರೆ ಒಳಗಿನ್ನೂ ಚೂರು ಮದ್ದು! ಒಯ್ದು ಸಿಡಿಸಿದರು. ಈಗ ಆ ತಾಯಿ ಕರಣೆಯನ್ನು ಯಾವುದಕ್ಕೆ ಕುಟ್ಟುತ್ತಾರೋ.